ಬೇಡ ಅನ್ನುವವರು ಯಾರು

ಸಮುದ್ರ ನೋಡಲು ಹೋದವರು ಚಿಪ್ಪು ತರುತ್ತಾರೆ, ಶಂಖ ತರುತ್ತಾರೆ, ಏನೂ ಸಿಗದವರು ಬಿಸಿಲಿಗೆ ಸುಟ್ಟ ಮೂಗನ್ನಾದರೂ ತರುತ್ತಾರೆ. ಲಿಫ್ಟಣ್ಣ ತಂದದ್ದು ಬಾರಿನ ಹುಚ್ಚು. ಅದೂ ಸ್ವಂತ ದೇಶದ ಬಾರಲ್ಲ. ವಿಮಾನ ಹತ್ತಿ ಹೋಗಬೇಕಾದ, ಮಾತು ಬಾರದ ಊರಿನ, ಕಡಲ ದಂಡೆಯ ಬಾರು.

ಬೀದಿಯವರೆಲ್ಲ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಅರ್ಧ ಆಯುಷ್ಯಕ್ಕಿಂತ ಹೆಚ್ಚು ಕಾಲ ಲಿಫ್ಟ್ ರಿಪೇರಿ ಮಾಡಿದವನು, ಎತ್ತರದ ಕಟ್ಟಡಗಳ ಹೊಟ್ಟೆಯೊಳಗೆ ಗ್ರೀಸು ಮೆತ್ತಿಕೊಂಡು ನೇತಾಡಿದವನು. ಹೆಂಡತಿ ಪರದೆ ಅಂಗಡಿಯಲ್ಲಿ ಹೊಲಿಯುತ್ತಿದ್ದುದರಿಂದ ಅವಳು ಪರದೆಯಕ್ಕ. ಒಂದು ದಿನ ಕಂಪನಿಯವರು, ಈಗಿನ ಲಿಫ್ಟುಗಳು ತಮ್ಮ ಕಾಯಿಲೆಯನ್ನು ತಾವೇ ಕಂಪ್ಯೂಟರಿಗೆ ಹೇಳಿಕೊಳ್ಳುತ್ತವೆ, ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಒಂದು ಗಂಟು ದುಡ್ಡನ್ನೂ ಒಂದು ಗೋಡೆ ಗಡಿಯಾರವನ್ನೂ ಕೊಟ್ಟು ಅವನನ್ನು ಮನೆಗೆ ಕಳಿಸಿದರು. ಗಡಿಯಾರ ನೋಡುವುದೇ ಕೆಲಸವಾದ ಮನುಷ್ಯ ಸದ್ದು ಮಾಡದ ಬಾಗಿಲುಗಳಿಗೂ ಎಣ್ಣೆ ಬಿಡತೊಡಗಿದ. ಎದುರಿನ ಕಟ್ಟಡದಲ್ಲಿ ಯಾರಾದರೂ ಲಿಫ್ಟ್ ಬಿಚ್ಚಿದರೆ ಕೈಕಟ್ಟಿ ನಿಂತು, ಅವರು ತನ್ನನ್ನು ಗದರಿ ಓಡಿಸುವ ತನಕ ನೋಡುತ್ತಿದ್ದ. ಇದನ್ನು ನೋಡಲಾರದೆ ಮಗಳು, ಅಳಿಯ ಸೇರಿ ಇಬ್ಬರನ್ನೂ ವಿದೇಶ ಪ್ರವಾಸಕ್ಕೆ ಹತ್ತಿಸಿದರು.

ಅಲ್ಲಿ ಸಿಕ್ಕಿತು ಆ ಬಾರು. ಕಡಲಿಗೆ ಮುಖ ಮಾಡಿದ ಜಗಲಿ, ನೀಲಿ ಕುರ್ಚಿಗಳು, ಕೂರಲು ಜಾಗವಿಲ್ಲದೆ ಗ್ಲಾಸು ಹಿಡಿದು ನಿಂತ ಜನ. ಯಜಮಾನ ಇವರದೇ ದೇಶದವನು, ಇವರದೇ ಮಾತಿನವನು. ಪರದೇಶದಲ್ಲಿ ತಾಯ್ನುಡಿ ಕಿವಿಗೆ ಬಿದ್ದರೆ ಮನುಷ್ಯ ಕರಗುತ್ತಾನೆ. ಕರಗಿದವನ ಜೇಬಿಗೆ ಕೈ ಹಾಕುವುದು ಸುಲಭ. ಎಲ್ಲದಕ್ಕೂ ನಗುತ್ತಿದ್ದ ಅವನಿಗೆ ಗಂಡ ಹೆಂಡತಿ ನಗೆಮುಖ ಎಂದು ಹೆಸರಿಟ್ಟರು. ತನಗೆ ಮಂಡಿ ನೋವು, ಲೀಸು ಇನ್ನೂ ಬೇಕಾದಷ್ಟು ವರ್ಷವಿದೆ, ಯಾರ್‍ಯಾರೋ ಕೇಳುತ್ತಿದ್ದಾರೆ, ಆದರೆ ನಮ್ಮವರಿಗೇ ಕೊಟ್ಟು ಹೋಗುವ ಆಸೆ ಎಂದು ಅವನು ನಗುನಗುತ್ತಾ ಹೇಳಿದ. ಲಿಫ್ಟಣ್ಣ ಅಂದು ರಾತ್ರಿ ಹೋಟೆಲಿನ ಹಾಸಿಗೆಯ ಮೇಲೆ ಕುಳಿತು, ನಾವ್ಯಾಕೆ ತಗೋಬಾರದು ಎಂದು ಕೇಳಿದ. ಪರದೆಯಕ್ಕ, ನೋಡೋಣ ರೀ ಎಂದಳು. ಅವಳ ತಪ್ಪೆಲ್ಲ ಆ 'ನೋಡೋಣ'ದಲ್ಲಿತ್ತು.

ಊರಿಗೆ ಬಂದದ್ದೇ ಲಿಫ್ಟಣ್ಣ ಬೇರೆಯೇ ಮನುಷ್ಯನಾದ. ಬೆಳಗ್ಗೆ ಬೇಗ ಎದ್ದು ಗಡ್ಡ ತೆಗೆದ. ಬಚ್ಚಲಲ್ಲಿ ಹಾಡು ಗುನುಗಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಹಾಗೆ ಮೂರು ಬಣ್ಣದ ಏಪ್ರನ್ನುಗಳನ್ನು ಹೆಂಡತಿಯ ಕೈಯಲ್ಲಿ ಹೊಲಿಸಿದ. ಬೀದಿಗೆಲ್ಲ ಡಂಗುರ ಹೊಡೆದ. ಬಾರಿನ ಕೆಲಸ ನಾನು ಕಲಿಯುತ್ತೇನೆ, ಅಲ್ಲಿನ ಭಾಷೆ ನೀನು ಕಲಿ ಎಂದು ಪಾಲು ಹಂಚಿದ. ಅವಳು ಮರುಮಾತಾಡದೆ ಸಂಜೆ ತರಗತಿಗೆ ಸೇರಿದಳು. ಓದಲು ವಿದೇಶಕ್ಕೆ ಹೊರಟ ಹುಡುಗಿಯರ ನಡುವೆ ಕೂತು ಬಾಯಿಪಾಠ ಮಾಡಿದಳು, ಅಂಗಡಿಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಾ ಕ್ರಿಯಾಪದ ಒಪ್ಪಿಸಿದಳು. ಮೇಷ್ಟ್ರು ಇಡೀ ತರಗತಿಗೆ ಅವಳನ್ನೇ ತೋರಿಸುತ್ತಿದ್ದರು.

ಅಷ್ಟು ಶ್ರದ್ಧೆ ಯಾಕೆಂದು ಯಾರಿಗೂ ಗೊತ್ತಿರಲಿಲ್ಲ. ಅವಳಿಗೆ ಆ ಬಾರು ಬೇಡವಾಗಿತ್ತು. ಬಾರಿಗಾಗಿ ಮಾರಬೇಕಾಗಿದ್ದದ್ದು ಮನೆ. ಎರಡು ಕೋಣೆ, ಒಂದು ಅಡುಗೆಮನೆ, ಬೆಳಕು ಬೀಳುವ ಕಿಟಕಿಯ ಪಕ್ಕ ಅವಳ ಸ್ವಂತ ಹೊಲಿಗೆ ಯಂತ್ರ. ಭಾಷೆ ಬಂದರೆ ಈ ವ್ಯವಹಾರದ ಹುಳುಕು ಯಾರ ಬಾಯಿಂದಾದರೂ ಕಿವಿಗೆ ಬಿದ್ದೀತು, ಆಮೇಲೆ ಅದು ತಾನಾಗಿ ಮುರಿದು ಬೀಳುತ್ತದೆ ಎಂದು ಅವಳ ಲೆಕ್ಕ. ತಾನೇ ಬೇಡ ಅನ್ನಬಹುದಿತ್ತಲ್ಲ? ಅನ್ನಬಹುದಿತ್ತು. ಆದರೆ ಎದುರಿನ ಕಟ್ಟಡದ ಮುಂದೆ ಕೈಕಟ್ಟಿ ನಿಂತ ಗಂಡನನ್ನು ಅವಳು ಕಂಡಿದ್ದಳು. ಮತ್ತೆ ಗುನುಗಲು ಶುರುಮಾಡಿದವನ ಆಸೆಗೆ ಕಲ್ಲು ಹಾಕಲು ಬಾಯಿ ಬರಲಿಲ್ಲ. ಬೆಕ್ಕಿಗೆ ಗಂಟೆ ಕಟ್ಟುವ ಕೆಲಸ ಬೇರೆ ಯಾರಾದರೂ ಮಾಡಲಿ ಎಂದು ಕಾದಳು.

ಯಾರೂ ಮಾಡಲಿಲ್ಲ. ವಕೀಲರು, ಪರದೇಶದ ಕಾನೂನು ನನಗೆ ತಿಳಿಯದು, ಅಲ್ಲೇ ವಿಚಾರಿಸಿ ಎಂದು ಫೀಸು ತೆಗೆದುಕೊಂಡರು. ಮಗಳು ಫೋನಿನಲ್ಲಿ, ಅಮ್ಮ ಏನಂತಾಳೆ ಎಂದು ಕೇಳಿದರೆ ಲಿಫ್ಟಣ್ಣ, ಅವಳಾಗಲೇ ಅಲ್ಲಿನ ಭಾಷೆ ಅರೆದು ಕುಡಿದಿದ್ದಾಳೆ ಎಂದು ನಕ್ಕ. ಮನೆಗೆ ಗಿರಾಕಿ ಸಿಗಲು ವರ್ಷವಾದರೂ ಬೇಕು ಅಂದುಕೊಂಡಿದ್ದಳು. ದಲ್ಲಾಳಿಗೆ ಹೇಳಿದ ವಾರದೊಳಗೆ ಸಿಕ್ಕಿದ. ನಗೆಮುಖನಿಗೆ ಮುಂಗಡ ಹೋಯಿತು. ಅಲ್ಲಿ ಲೀಸಿಗೆ ಸಹಿ ಹಾಕಿ ಬಂದ ಕೂಡಲೇ ಇಲ್ಲಿ ಮನೆಯ ಪತ್ರಕ್ಕೆ ಸಹಿ ಹಾಕುವುದೆಂದು ತೀರ್ಮಾನವಾಯಿತು.

ಸಹಿಗೆಂದು ಎರಡನೇ ಸಲ ಹೋದಾಗ ಚಳಿಗಾಲ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರಲ್ಲ, ಆ ಬೆಟ್ಟ ಹತ್ತಿರದಿಂದ ಕಂಡದ್ದು ಆಗ. ದಂಡೆಯ ಬೀದಿಯುದ್ದಕ್ಕೂ ಷಟರುಗಳು ಇಳಿದಿದ್ದವು. ನೀಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಸರಪಳಿ ಸುತ್ತಿದ್ದರು. ಗಾಳಿಗೆ ಮರಳು ಹಾರಿಬಂದು ರಸ್ತೆಯ ಅರ್ಧಕ್ಕೆ ಮಲಗಿತ್ತು. ಸಿಗ್ನಲ್ ದೀಪ ಮಾತ್ರ ಯಾರೂ ಇಲ್ಲದ ರಸ್ತೆಗೆ ಕೆಂಪು, ಹಸಿರು ತೋರಿಸುತ್ತಾ ತನ್ನ ಡ್ಯೂಟಿ ಮಾಡುತ್ತಿತ್ತು. ಬಾರಿನೊಳಗೆ ಗೋಡೆ ಸೊಂಟದೆತ್ತರಕ್ಕೆ ತೇವ ಹೀರಿತ್ತು, ಕೌಂಟರಿನ ಕೆಳಗಿನ ಮೋರಿ ವಾಸನೆ ಬರುತ್ತಿತ್ತು. ನಗೆಮುಖ, ಇದು ವಿಶ್ರಾಂತಿಯ ಕಾಲ, ಬೇಸಿಗೆಯ ಸುಗ್ಗಿಯಲ್ಲಿ ಎಲ್ಲ ತುಂಬಿಬರುತ್ತದೆ ಎಂದ. ಲಿಫ್ಟಣ್ಣ ಪೇರಿಸಿದ ಕುರ್ಚಿಗಳನ್ನೇ ಎಣಿಸುತ್ತಾ ಹೂಂಗುಟ್ಟಿದ. ಈಗಲಾದರೂ ಬೇಡ ಅಂದಾನು ಎಂದು ಪರದೆಯಕ್ಕ ಅವನ ಮುಖ ನೋಡಿದಳು. ಅವನೂ ಅವಳ ಮುಖ ನೋಡಿದ. ಇಬ್ಬರೂ ಒಬ್ಬರಿಗೊಬ್ಬರು ಧೈರ್ಯ ಹೇಳುವವರ ಹಾಗೆ ನಕ್ಕರು.

ಉಳಿದದ್ದು ಬಾರಿನ ಮೇಲಿನ ಮಹಡಿಯಲ್ಲಿದ್ದ ಕಟ್ಟಡದ ಒಡತಿಯ ಒಪ್ಪಿಗೆ. ಲೀಸು ಕೈ ಬದಲಾಗಬೇಕಾದರೆ ಅವಳ ಸಹಿ ಬೇಕಿತ್ತು. ಬರೀ ಶಾಸ್ತ್ರಕ್ಕೆ ಎಂದ ನಗೆಮುಖ. ತಾನು ಮಾತ್ರ ಮೇಲೆ ಬರಲು ಒಪ್ಪಲಿಲ್ಲ, ಮಂಡಿ ನೋವು ನೆನಪಾಯಿತು. ಗಂಡ ಹೆಂಡತಿ ಇಬ್ಬರೇ ಕಾಗದ ಹಿಡಿದು ಮೆಟ್ಟಿಲು ಹತ್ತಿದರು.

ಮಹಡಿಯಮ್ಮ ಕಿಟಕಿಯ ಬಳಿ ಕಂಬಳಿ ಹೊದ್ದು ಕುಳಿತಿದ್ದಳು. ಬಿಳಿಯ ಕೂದಲು, ಚುರುಕು ಕಣ್ಣು. ಕಿಟಕಿಯ ಪರದೆಯ ಅಂಚು ಒಂದು ಕಡೆ ಜೋತುಬಿದ್ದದ್ದು ಪರದೆಯಕ್ಕನಿಗೆ ಮೊದಲು ಕಂಡಿತು. ಮುದುಕಿ ಇಬ್ಬರನ್ನೂ ಕೂರಿಸಿ, ಪರದೆಯಕ್ಕನಿಗೆ ತನ್ನ ಭಾಷೆ ಬರುತ್ತದೆಂದು ತಿಳಿದದ್ದೇ ಬಾಯಿ ಬಿಚ್ಚಿದಳು.

ಪರದೆಯಕ್ಕ ಇಷ್ಟು ತಿಂಗಳೂ ಕಾದದ್ದು ಈ ಬಾಯಿಗೇ. ಜಗಲಿಯ ಮೇಲೆ ಕುರ್ಚಿ ಹಾಕುವ ಪರವಾನಗಿ ಲೀಸಿಗೆ ಸೇರಿದ್ದಲ್ಲ, ಅದು ನಗೆಮುಖನ ಹೆಸರಿನಲ್ಲಿದೆ, ಅವನು ಹೋದರೆ ಅದೂ ಹೋಗುತ್ತದೆ, ಹೊಸದು ಸಿಕ್ಕೀತೆಂಬ ಭರವಸೆಯಿಲ್ಲ ಎಂದಳು ಮುದುಕಿ. ಕುರ್ಚಿಯಿಲ್ಲದಿದ್ದರೆ ಕಡಲೂ ಇಲ್ಲ, ಒಳಗಿರುವುದು ಬರೀ ತೇವದ ಗೋಡೆ. ಪರದೆಯಕ್ಕ ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಗಂಡನಿಗೆ ಹೇಳಿದಳು. ದನಿಯನ್ನು ಮಾತ್ರ ಸ್ವಲ್ಪ ಭಾರ ಮಾಡಿದಳು. ಅರ್ಜಿ ಹಾಕಿದರಾಯಿತು ಎಂದ ಲಿಫ್ಟಣ್ಣ. ಮೋರಿ ಕೆಟ್ಟರೆ ರಿಪೇರಿ ಬಾಡಿಗೆದಾರನದೇ ತಲೆನೋವು ಎಂದಳು ಮುದುಕಿ. ನನ್ನ ಕೈಯಲ್ಲೇ ಆಗುತ್ತದೆ ಎಂದ. ಬೇಸಿಗೆಗೆ ಬರುವ ಗುಂಪು ನಗೆಮುಖನ ಗೆಳೆಯರದು, ಅವನು ಪಕ್ಕದ ಕೊಲ್ಲಿಯಲ್ಲಿ ಆಗಲೇ ಇನ್ನೊಂದು ಅಂಗಡಿ ನೋಡಿದ್ದಾನೆಂದು ಸುದ್ದಿ, ಅವನ ಮಂಡಿ ನೋವು ಇಲ್ಲಿನ ಮೆಟ್ಟಿಲಿಗೆ ಮಾತ್ರ ಎಂದಳು. ಲಿಫ್ಟಣ್ಣ ಕೈಯಲ್ಲಿದ್ದ ಕಾಗದವನ್ನು ಮಡಚಿ ಮತ್ತೆ ಬಿಚ್ಚಿದ. ಆಮೇಲೆ, ನಮ್ಮ ಹಣೆಯಲ್ಲಿ ಬರೆದಷ್ಟು ಗಿರಾಕಿ ನಮಗೂ ಬರ್ತಾರೆ ಎಂದು ನೆಲ ನೋಡುತ್ತಾ ಹೇಳಿದ.

ಇನ್ನೇನು ಹೇಳಿಸಬೇಕು ಈ ಮನುಷ್ಯನಿಗೆ? ಆದರೂ ಕಡೆಯ ಮಾತು ಮುದುಕಿಯದಲ್ಲವೇ, ಇಷ್ಟೆಲ್ಲ ಹೇಳಿದವಳು ಒಪ್ಪಿಗೆ ಹೇಗೆ ಕೊಟ್ಟಾಳು ಎಂದು ಪರದೆಯಕ್ಕ ಸಮಾಧಾನ ಮಾಡಿಕೊಂಡಳು.

ಮಹಡಿಯಮ್ಮ ಲಿಫ್ಟಣ್ಣನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೇಳಬೇಕಾದದ್ದು ಹೇಳಿ ನನ್ನ ಋಣ ತೀರಿಸಿಕೊಂಡೆ, ಇವನು ಪ್ರಾಮಾಣಿಕನ ಹಾಗೆ ಕಾಣುತ್ತಾನೆ, ನನಗೆ ಒಪ್ಪಿಗೆ, ಎಲ್ಲಿ ಸಹಿ ಹಾಕಬೇಕು ತೋರಿಸು ಎಂದು ಪೆನ್ನು ತೆಗೆದಳು.

ಆ ಕೋಣೆಯಲ್ಲಿ ಆ ಮಾತು ತಿಳಿದದ್ದು ಪರದೆಯಕ್ಕನೊಬ್ಬಳಿಗೆ. ಆಗಲ್ಲ ಅಂತಾರೆ ರೀ ಎಂದು ಹೇಳಿ ಕಾಗದ ಎತ್ತಿಕೊಂಡರೆ ಮುಗಿಯಿತು. ಲಿಫ್ಟಣ್ಣ ಮುದುಕಿಗೆ ಶಾಪ ಹಾಕುತ್ತಾ ಮೆಟ್ಟಿಲಿಳಿಯುತ್ತಾನೆ, ಮನೆ ಉಳಿಯುತ್ತದೆ, ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ಸುಳ್ಳು ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ಅವಳು ಗಂಡನ ಕಡೆ ತಿರುಗಿದಳು. ಅವನು ಅವಳ ತುಟಿಯನ್ನೇ ನೋಡುತ್ತಿದ್ದ. ಈ ಪರದೇಶದಲ್ಲಿ ಅವನಿಗೆ ಇದ್ದ ಕಿವಿ ಇವಳೊಬ್ಬಳೇ. ಆ ಮುಖಕ್ಕೆ ಸುಳ್ಳು ಹೇಳಿದರೆ ಬಾರು ತಪ್ಪೀತು, ಆದರೆ ಬದುಕಿರುವ ತನಕ ಅವನು ಒಂದು ಮುದುಕಿಯನ್ನು ಬೈಯುತ್ತಿರುತ್ತಾನೆ, ತಾನು ಪಕ್ಕದಲ್ಲಿ ಕೂತು ಹೌದು ಹೌದು ಅನ್ನುತ್ತಿರಬೇಕು. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

"ಒಪ್ಪಿದ್ದಾರೆ," ಎಂದಳು. "ಸಹಿ ಹಾಕ್ತಾರಂತೆ."

ಲಿಫ್ಟಣ್ಣ ನಗಲು ಹೊರಟ. ನಗು ಅರ್ಧಕ್ಕೆ ನಿಂತಿತು.

"ನನಗೆ ಬೇಡ ರೀ," ಎಂದಳು ಪರದೆಯಕ್ಕ. "ಈ ಬಾರು ಬೇಡ."

ಅವನಿಗೆ ಗೊಂದಲವಾಯಿತು. ಮುದುಕಿಯ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ. "ಇದು ಅವರು ಹೇಳಿದ್ದಾ?"

"ಅಲ್ಲ. ಇದು ನಾನು ಹೇಳ್ತಿರೋದು."

ಬಯ್ಯುತ್ತಾನೆ ಅಂದುಕೊಂಡಳು, ಅಥವಾ ಮತ್ತೆ ಕೈಕಟ್ಟಿಕೊಂಡು ಮಾತು ಬಿಡುತ್ತಾನೆ. ಅವನು ಕುರ್ಚಿಯ ಬೆನ್ನಿಗೆ ಒರಗಿ ಉಸಿರು ಬಿಟ್ಟ. ಅಷ್ಟು ಉದ್ದದ ಉಸಿರು ಅವನೊಳಗೆ ಎಲ್ಲಿತ್ತೋ. ಯಾವಾಗಿಂದ ಬೇಡ ಎಂದು ಮೆಲ್ಲಗೆ ಕೇಳಿದ. ಮೊದಲ ದಿನದಿಂದ ಎಂದಳು.

"ಮತ್ತೆ ಭಾಷೆ ಯಾಕೆ ಕಲಿತೆ ಮಾರಾಯ್ತಿ? ನೀನು ರಾತ್ರಿ ಹಗಲು ಅದನ್ನೇ ಓದ್ತಿದ್ದೆ. ಇಷ್ಟು ಆಸೆ ಇಟ್ಕೊಂಡಿದ್ದಾಳೆ, ಈಗ ನಾನು ಹಿಂದೆ ಸರಿದ್ರೆ ಇವಳ ಮನಸ್ಸು ಮುರಿಯುತ್ತೆ ಅಂತ ನಾನು ಬಾಯಿ ಮುಚ್ಕೊಂಡಿದ್ದೆ. ಕೆಳಗೆ ಆ ಕುರ್ಚಿ ಎಣಿಸುವಾಗ್ಲೇ ನನ್ನ ಜೀವ ಬಾಯಿಗೆ ಬಂದಿತ್ತು."

ನಿಮಗೂ ಬೇಡವಾಗಿತ್ತಾ ಎಂದು ಅವಳು ಕೇಳಿದಳು. ಮೊದಲು ಬೇಕಾಗಿತ್ತು ಎಂದು ಅವನು ನಿಜವನ್ನೇ ಹೇಳಿದ. ಮುಂಗಡ ಕೊಟ್ಟ ದಿನದಿಂದ ಹೆದರಿಕೆ ಶುರುವಾಯಿತಂತೆ. ಬೀದಿಗೆಲ್ಲ ಹೇಳಿಯಾಗಿತ್ತು, ಮನೆಗೆ ಗಿರಾಕಿ ಬಂದಾಗಿತ್ತು, ಅದರ ಮೇಲೆ ಹೆಂಡತಿ ಕ್ರಿಯಾಪದ ಒಪ್ಪಿಸುತ್ತಿದ್ದಳು. ಆಮೇಲೆ ಬಚ್ಚಲಲ್ಲಿ ಗುನುಗುತ್ತಿದ್ದದ್ದು ಹೆದರಿಕೆಗೆ. ಇದನ್ನು ಕೇಳಿ ಪರದೆಯಕ್ಕನಿಗೆ ಅಳು ಬರಬೇಕಿತ್ತು, ನಗು ಬಂತು. ಅವಳು ನಕ್ಕದ್ದು ನೋಡಿ ಅವನೂ ನಕ್ಕ. ಎದೆಯ ಮೇಲಿನ ಕಲ್ಲು ಇಬ್ಬರಿಗೂ ಒಟ್ಟಿಗೇ ಇಳಿದಿತ್ತು.

ಪೆನ್ನು ಹಿಡಿದು ಕುಳಿತಿದ್ದ ಮಹಡಿಯಮ್ಮ, ಏನು ತೀರ್ಮಾನ ಎಂದು ಕೇಳಿದಳು. ನಾವು ತೆಗೆದುಕೊಳ್ಳುವುದಿಲ್ಲ ಎಂದು ಪರದೆಯಕ್ಕ ಆ ಭಾಷೆಯಲ್ಲಿ ಸ್ಪಷ್ಟವಾಗಿ ಹೇಳಿದಳು. ಮೇಷ್ಟ್ರು ಇದ್ದಿದ್ದರೆ ಉಚ್ಚಾರಣೆಗೆ ಪೂರ್ತಿ ಅಂಕ ಕೊಡುತ್ತಿದ್ದರು. ಮುದುಕಿ ಪೆನ್ನಿನ ಮುಚ್ಚಳ ಹಾಕಿ, ಇದಕ್ಕೆ ಮುಂಚೆ ಬಂದವರು ಯಾರೂ ಹೆಂಡತಿಯನ್ನು ಮೇಲೆ ಕರೆತಂದಿರಲಿಲ್ಲ ಎಂದಷ್ಟೇ ಹೇಳಿ, ಕಾಫಿ ಕುಡಿದು ಹೋಗಿ ಎಂದಳು. ಕಾಫಿ ಆರುವ ತನಕ ಪರದೆಯಕ್ಕ ಸೂಜಿ ದಾರ ಕೇಳಿ ಪಡೆದು ಜೋತುಬಿದ್ದ ಅಂಚನ್ನು ಹೊಲಿದು ಕೊಟ್ಟಳು.

ಕೆಳಗೆ ನಗೆಮುಖ ಗ್ಲಾಸು ತೊಳೆದಿಟ್ಟು ಕಾಯುತ್ತಿದ್ದ. ಇವನಿಗೆ ದುಭಾಷಿ ಬೇಕಿರಲಿಲ್ಲ. ಲಿಫ್ಟಣ್ಣ ತಾನೇ ಮುಂದೆ ಹೋಗಿ ಬೇಡ ಎಂದ. ನಗೆಮುಖನ ನಗು ಅಳಿಸಿಹೋದದ್ದನ್ನು ಇಬ್ಬರೂ ಮೊದಲ ಸಲ ಕಂಡರು. ನಮ್ಮವರೇ ಹೀಗೆ ಮಾಡಿದರೆ ಹೇಗೆ ಎಂದ, ಮುಂಗಡ ವಾಪಸು ಬರಲ್ಲ ಎಂದ, ಕೊನೆಗೆ ಏನೇನೋ ಎಂದ. ಮುಂಗಡ ಹೋಯಿತು. ಹೊಟ್ಟೆ ಉರಿಯಲಿಲ್ಲವೆಂದರೆ ಸುಳ್ಳಾದೀತು. ಆದರೆ ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು, ಬದುಕಿದೆಯಾ ಬಡಜೀವವೇ ಎಂದು ಹೊರಗೆ ಬಂದರು. ಪರದೆಯಕ್ಕ ರಸ್ತೆಯಲ್ಲೇ ನಿಂತು ಮನೆಯ ದಲ್ಲಾಳಿಗೆ ಫೋನು ಮಾಡಿ, ಮಾರಾಟವಿಲ್ಲ ಎಂದಳು. ಈ ಬೇಡ ಮೊದಲಿನದಕ್ಕಿಂತ ಸಲೀಸಾಗಿ ಬಂತು.

ಎರಡು ಸಲ ಈ ಊರಿಗೆ ಬಂದರೂ ಬಾರಿನ ಲೆಕ್ಕದಲ್ಲೇ ಮುಳುಗಿ ಇಬ್ಬರೂ ಕಡಲಿಗೆ ಕಾಲಿಟ್ಟಿರಲಿಲ್ಲ. ಈಗ ಚಪ್ಪಲಿ ಕೈಯಲ್ಲಿ ಹಿಡಿದು ಖಾಲಿ ದಂಡೆಯ ಮೇಲೆ ನಡೆದರು. ಬೀದಿಯವರಿಗೆ ಏನು ಹೇಳುವುದು ಎಂದ ಲಿಫ್ಟಣ್ಣ. ಹೋದ ಪುಟ್ಟ, ಬಂದ ಪುಟ್ಟ ಅಂತ ನಗ್ತಾರೆ, ನಗಲಿ ಬಿಡಿ ಎಂದಳು ಅವಳು. ಸ್ವಲ್ಪ ದೂರ ನಡೆದ ಮೇಲೆ ಅವನು ನಿಂತ.

"ಹೀಗೆ ಹೇಳದೆ ಒಳಗೇ ಇಟ್ಕೊಂಡಿರೋದು ಇನ್ನೂ ಏನಾದ್ರೂ ಇದೆಯಾ?" ಎಂದು ಕೇಳಿದ.

ಪರದೆಯಕ್ಕ ಯೋಚಿಸಿದಳು. ಮದುವೆಯ ದಿನದಿಂದ ಒಂದೊಂದೇ ನೆನೆಯುತ್ತಾ ಬಂದಳು. ಸುಮಾರು ಹೊತ್ತು ಹಿಡಿಯಿತು.

"ಇದೆ ರೀ," ಎಂದಳು. "ಕೂತ್ಕೊಳ್ಳಿ."

ಲಿಫ್ಟಣ್ಣ ಚಪ್ಪಲಿ ಪಕ್ಕಕ್ಕಿಟ್ಟು ಮರಳಿನ ಮೇಲೆ ಕುಳಿತ.