ಗುರುಪುತ್ರಪ್ಪನ ಹುಟ್ಟಿದ ದಿನ

ಗೋಡೆಗೆ ಒರಗಿಸಿ ಕೂರಿಸಿದ್ದ ಅಪ್ಪನ ಹಣೆಗೆ ಕಾಂತಾ ವಿಭೂತಿ ಹಚ್ಚುತ್ತಿದ್ದಾಗಲೇ ತಮ್ಮ ವಿನಯ ಮೊಬೈಲಿಗೆ ಕೈ ಅಡ್ಡ ಹಿಡಿದು ಹತ್ತಿರ ಬಂದ.

"ಅಕ್ಕಾ, ಬೆಳಗಾವಿ ಫ್ಲೆಕ್ಸ್ ಅಂಗಡಿಯವ್ರು ಕೇಳಾಕತ್ತಾರ. ಶ್ರದ್ಧಾಂಜಲಿ ಬೋರ್ಡಿಗೆ ಹುಟ್ಟಿದ ತಾರೀಖ ಯಾವುದು ಹಾಕೂದು? ಜೂನ್ ಒಂದನ?"

"ಆ ಸುಳ್ಳ ತಾರೀಖ ಹಾಕಿದ್ರ ಅಪ್ಪ ಎದ್ದ ಬಂದಾನು! ಮಾರ್ಚ್ ಹನ್ನೊಂದು, ನಲವತ್ತೊಂಬತ್ತು."

*

ಜೂನ್ ಒಂದು ಖಾನಾಪುರದ ಶಾಲೆಯ ಮಾಸ್ತರರ ಕೊಡುಗೆ. ಹುಟ್ಟಿದ ದಿನ ಗೊತ್ತಿಲ್ಲದ ಮಕ್ಕಳಿಗೆಲ್ಲ ಅವರು ಅದೊಂದನ್ನೇ ಬರೆದು ಕೈತೊಳೆದುಕೊಂಡಿದ್ದರು. ಬೆಳಗಾವಿಯಲ್ಲಿ ಅಂಚೆ ನೌಕರಿ ಮಾಡಿ ನಿವೃತ್ತನಾದ ಗುರುಪುತ್ರಪ್ಪನಿಗೆ ಆ ದಿನ ಯಾರಾದರೂ ಶುಭಾಶಯ ಹೇಳಿದರೆ ಬೇರೆಯವರ ಅಂಗಿ ತೊಟ್ಟಂತೆ ಕಸಿವಿಸಿ.

"ನಮ್ಮವ್ವ ನನ್ನ ಯಾವತ್ತ ಹಡದಾಳ, ಅಷ್ಟ ಗೊತ್ತಾದ್ರ ಸಾಕು" ಎನ್ನುತ್ತ ಮಗಳನ್ನು ಕರೆದುಕೊಂಡು ಎರಡು ವರ್ಷ ತಾಲೂಕು ಕಚೇರಿಗೆ ಎಡತಾಕಿದ. ಕೊನೆಗೆ ಹಳೆಯ ಮರಾಠಿ ದಾಖಲೆಗಳ ಮೋಡಿ ಲಿಪಿ ಬಲ್ಲ ಮುದಿ ಮರಾಠಿ ಮಾಸ್ತರರೊಬ್ಬರು ಹಳೆಯ ಜನನ ಪುಸ್ತಕದಲ್ಲಿ ಅವನ ಹೆಸರು, ತಂದೆತಾಯಿಯ ಹೆಸರು ಓದಿ ಹೇಳಿದರು. ಆ ಅಕ್ಷರಗಳ ಮೇಲೆ ಬೆರಳಿಟ್ಟು ಗುರುಪುತ್ರಪ್ಪ ಬಿಕ್ಕಿ ಬಿಕ್ಕಿ ಅತ್ತ. ಹೋದ ಮಾರ್ಚಿನಲ್ಲಿ ಬಾಳಿನ ಮೊದಲ ಹುಟ್ಟುಹಬ್ಬ ಮಾಡಿಕೊಂಡು ನೆಂಟರಿಗೆಲ್ಲ ಕುಂದಾ ತಿನ್ನಿಸಿದ.

*

"ಅದು ಅವನ ತಾರೀಖ ಅಲ್ಲ ಯವ್ವಾ" ಎಂದಳು ಮೂಲೆಯಲ್ಲಿ ಕುಳಿತಿದ್ದ ನಿಂಗವ್ವ. ಜಾಂಬೋಟಿಯಿಂದ ಬಂದಿದ್ದ, ತೊಂಬತ್ತರ ಹತ್ತಿರದ ಈಕೆ ಗುರುಪುತ್ರಪ್ಪನ ಅಕ್ಕ.

"ಹಂಗಂದ್ರ ಏನ ಅತ್ತಿ?"

"ಅದು ಮೊದಲಿನ ಗುರುಪುತ್ರಪ್ಪಂದು. ಆರ ತಿಂಗಳಕ್ಕ ಹೋತು ಆ ಕೂಸು. ಅಜ್ಜನ ಹೆಸರು ಉಳೀಬೇಕಂತ ಇವಂಗೂ ಅದನ್ನ ಇಟ್ರು. ಇವ ಹುಟ್ಟಿದ್ದು ಎರಡ ವರ್ಷದ ಮ್ಯಾಲೆ, ಭತ್ತದ ನಾಟಿ ಹೊತ್ತಿಗೆ. ಗದ್ದಿ ಬಿಟ್ಟು ಯಾರ ಹೋಗಿ ಬರಸಬೇಕು?"

"ಅಪ್ಪಗ ಯಾಕ ಹೇಳ್ಲಿಲ್ಲ?"

"ತನ್ನ ಕೈಲೆ ನನ್ನ ಬಾಯಾಗ ಕುಂದಾ ಇಟ್ಟ. ಅಂಥಾ ನಗೂ ಮಾರಿಗೆ ಹೆಂಗ ಹೇಳ್ಲಿ ಯವ್ವಾ?"

ಕಾಂತಾ ಅಪ್ಪನ ಮುಖ ನೋಡಿದಳು. ಅಪ್ಪನಿಗೊಬ್ಬ ಅಣ್ಣನಿದ್ದ. ಸುದ್ದಿ ಕೇಳಿದ್ದರೆ ಅಪ್ಪ ಇವತ್ತೇ ಚೀಲ ಹೆಗಲಿಗೇರಿಸಿ ತಾಲೂಕು ಕಚೇರಿಗೆ ಹೊರಡುತ್ತಿದ್ದ, ನೀನೂ ಬಾ ಎನ್ನುತ್ತಿದ್ದ. ಒಮ್ಮೆ, ಒಂದೇ ಒಮ್ಮೆ ಅವನಿಗೆ ಹೇಳುವಂತಿದ್ದರೆ!

"ಅಕ್ಕಾ, ಅವ್ರು ಲೈನ್‌ದಾಗ ಅದಾರ" ಎಂದ ವಿನಯ.

"ಮಾರ್ಚ್ ಹನ್ನೊಂದ ಹಾಕ್ಸು. ಅಪ್ಪ ಅದನ್ನ ತನ್ನದು ಅಂತ ತಿಳ್ಕೊಂಡ ಹೋದ."

ಮಧ್ಯಾಹ್ನ ಹೊಲದಲ್ಲಿ, ಸಮಾಧಿಯ ಕುಣಿಯೊಳಗೆ ಕೂರಿಸಿದ ಗುರುಪುತ್ರಪ್ಪನಿಗೆ ಎಲ್ಲರೂ ಸರದಿಯಲ್ಲಿ ಬಂದು ಒಂದೊಂದು ಹಿಡಿ ಪತ್ರೆ ಹಾಕಿದರು. ಕಾಂತಾಳ ತೋಳು ಹಿಡಿದು ನಿಂಗವ್ವನೂ ಹಾಕಿದಳು.

"ಇನ್ನ ನೆರಳಿಗೆ ಕುಂದರ್ರಿ ಅತ್ತಿ."

ಮುದುಕಿ ಕೇಳಲಿಲ್ಲ. ಬುಟ್ಟಿಯಿಂದ ಮತ್ತೊಂದು ಹಿಡಿ ಪತ್ರೆ ತುಂಬಿಕೊಂಡು, ಒಬ್ಬಳೇ ಹೋಗಿ ಸರದಿಯ ಕೊನೆಗೆ ನಿಂತಳು.