ಮುಂದಕ್ಕೆ ಹಾಕುವ ಗುಳಿಗೆ

ನಮ್ಮ ಮನೆಯಲ್ಲಿ ಮೈಲಿಗೆ ಎನ್ನುವುದೇ ಇಲ್ಲ. ನಾವು ಲಿಂಗವಂತರು, ನಮಗೆ ಯಾವ ಸೂತಕವೂ ತಟ್ಟುವುದಿಲ್ಲ ಎಂದು ಮಾವ ಪ್ರಭುಲಿಂಗಪ್ಪನವರು ಬಂದವರಿಗೆಲ್ಲ ಹೇಳುತ್ತಾರೆ. ಅವರು ಹೇಳಿ ಮುಗಿಸಿದ ಮೇಲೆ ಅತ್ತೆ ಒಳಗೆ ಬಂದು ನನ್ನ ತಿಂಗಳ ತಾರೀಖು ಕೇಳುತ್ತಾರೆ.

ಬ್ಯಾಡಗಿಯಲ್ಲಿ ಹೊಸ ಮನೆ ಕಟ್ಟಿಸಿದ್ದೆವು. ವಾಸ್ತುಶಾಂತಿಯ ದಿನವೇ ನಾನು ಹೊರಗಾಗುವ ಲೆಕ್ಕ ಬಂತು. ಗಂಡ ವೀರೇಂದ್ರ ಔಷಧಿ ಅಂಗಡಿಗೆ ಹೋಗಿ ಮುಂದಕ್ಕೆ ಹಾಕುವ ಗುಳಿಗೆ ತಂದ. ಅಂಗಡಿಯವರು ಡಾಕ್ಟರ ಚೀಟಿ ಕೇಳಲಿಲ್ಲ, ಯಾರಿಗೆ ಎಂದೂ ಕೇಳಲಿಲ್ಲವಂತೆ. ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಗಂಟಲು ಹರಿಯುವಂತೆ ಕೂಗುವ ಈ ಮನುಷ್ಯ ಆ ಪೊಟ್ಟಣವನ್ನು ಕಳವಿನ ಮಾಲಿನ ಹಾಗೆ ನನ್ನ ಕೈಗೆ ತುರುಕಿದ.

"ದಿನಕ್ಕ ಮೂರು ಅಂತ. ಲಗೂ ಚಾಲೂ ಮಾಡು."

ವಾಸ್ತುಶಾಂತಿಯ ತಾರೀಖು ಮುಂದೆ ಮುಂದೆ ಸರಿದು, ಐದು ದಿನದ ಮಾತು ಇಪ್ಪತ್ತು ದಿನಕ್ಕೆ ಹೋಯಿತು. ಒಮ್ಮೆ ಪೂಜೆಯ ಅಯ್ಯನವರಿಗೆ ಬಿಡುವಿರಲಿಲ್ಲ, ಇನ್ನೊಮ್ಮೆ ಧಾರವಾಡದ ನಾದಿನಿಗೆ. ಅವರೆಲ್ಲರ ಅನುಕೂಲವನ್ನು ನಾನು ದಿನಕ್ಕೆ ಮೂರು ಸಲ ನೀರಿನ ಜೊತೆ ನುಂಗಿದೆ. ಕಡೆಯ ನಾಲ್ಕು ದಿನವಂತೂ ನೆಲಕ್ಕೆ ಕುಂತವಳು ಎದ್ದದ್ದೇ ಕಡಿಮೆ. ಐನೂರು ಜನಕ್ಕೆ ಶೇಂಗಾ ಹೋಳಿಗೆ, ಕರ್ಚಿಕಾಯಿ. ವಾಸ್ತುಶಾಂತಿ ಸುಸೂತ್ರವಾಗಿ ನಡೆಯಿತು. ಬಂದವರೆಲ್ಲ ಉಂಡು, ಮನೆ ಚಂದ ಐತಿ ಎಂದು ಹೇಳಿ ಹೋದರು.

ಮರುದಿನ ಎಡಗಾಲು ಬಾತುಕೊಂಡಿತು. ಮೀನಖಂಡ ಮುಟ್ಟಿದರೆ ಬಿಸಿ, ನೆಲಕ್ಕೆ ಊರಿದರೆ ಜೀವ ಹೋದಂಥ ನೋವು. ಉಳುಕಿದೆ ಎಂದು ಅತ್ತೆ ಎಣ್ಣೆ ಕಾಯಿಸಿ ಎರಡು ಹೊತ್ತೂ ತಿಕ್ಕಿದರು. ಅದನ್ನು ಪ್ರೀತಿಯಿಂದಲೇ ಮಾಡಿದರು, ಸುಳ್ಳು ಹೇಳಬಾರದು. ಮೂರನೆಯ ದಿನ ಅಡುಗೆಮನೆಯಲ್ಲಿ ಉಸಿರು ಸಿಗದೆ ಬಿದ್ದೆ.

ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕಾಲು ನೋಡಿ, "ಯಾವುದಾರ ಗುಳಿಗಿ ತಗೊಳ್ಳಾಕತ್ತಿದ್ರೇನು?" ಎಂದು ಕೇಳಿದರು. ಗಂಡ ಗೋಡೆ ನೋಡಿದ. ಅತ್ತೆ, "ಏನೂ ಇಲ್ರಿ ಮೇಡಮ್ಮಾರ, ಗಟ್ಟಿ ಆಳು ಈಕಿ" ಎಂದರು. ಆಕ್ಸಿಜನ್ ಮುಖವಾಡ ಸರಿಸಿ ನಾನೇ ಹೇಳಬೇಕಾಯಿತು.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಅದರ ತುಣುಕು ಕಿತ್ತುಕೊಂಡು ಪುಪ್ಪುಸಕ್ಕೆ ಹೋಗಿತ್ತು. "ಆ ಗುಳಿಗಿಯಿಂದ ಹಿಂಗ ಆಗೋದುಂಟು. ಅದರ ಮ್ಯಾಲ ದಿನಗಟ್ಟಲೆ ಕುಂತೀರಿ. ಬಾತ ಕಾಲು ತಿಕ್ಕಲೇಬಾರದಿತ್ತು" ಎಂದರು ಡಾಕ್ಟರಮ್ಮ. ಆಮೇಲೆ ಇನ್ನೊಂದು ಪ್ರಶ್ನೆ: "ನಿಮ್ಮ ತವರಮನ್ಯಾಗ ಯಾರಿಗಾರ ಹಿಂಗ ಆಗಿತ್ತೇನು?"

ನಾನು ಇದ್ದದ್ದನ್ನು ಹೇಳಿದೆ. ಅವ್ವನ ತಂಗಿ, ನನ್ನ ಚಿಕ್ಕವ್ವ, ಬಾಣಂತನದಲ್ಲಿ ಕಾಲು ಬಾತು, ಒಂದು ಬೆಳಿಗ್ಗೆ ಕುಂತಲ್ಲೇ ಸತ್ತಿದ್ದಳು.

"ಹಂಗಾರ ಇದು ಮನೆತನದಾಗ ಇರಬಹುದು. ತಂಗಿ ಇದ್ರ ಆಕಿಗೂ ಹೇಳ್ರಿ. ಡಾಕ್ಟರಿಗೆ ತೋರಸದ ಈ ಗುಳಿಗಿ ಮುಟ್ಟಬಾರದು."

ಅತ್ತೆಯ ಮುಖ ಆಗ ಅರಳಿದ್ದನ್ನು ನಾನು ಸಾಯುವ ತನಕ ಮರೆಯಲಾರೆ. "ಕೇಳಿದಿಲ್ಲೋ ವೀರಣ್ಣ? ಇವರ ಮನೀ ರಗತದಾಗ ಐತಿ. ಮುಚ್ಚಿಟ್ಟು ಕೊಟ್ಟಾರ!" ಗುಳಿಗೆ, ಹೋಳಿಗೆ, ಎಣ್ಣೆ ಎಲ್ಲ ಒಂದೇ ಮಾತಿಗೆ ತೊಳೆದುಹೋದವು. ತಪ್ಪೆಲ್ಲ ನನ್ನ ಸತ್ತ ಚಿಕ್ಕವ್ವನದಾಯಿತು.

ನಾನು ಮನೆಗೆ ಬಂದ ಮೇಲೆ ಅವ್ವ ಹೊನ್ನವ್ವ ಮೇಡ್ಲೇರಿಯಿಂದ ನೋಡಲು ಬಂದಳು. ಪಕ್ಕಕ್ಕೆ ಕುಂತು ಮೆಲ್ಲಗೆ ಹೇಳಿದಳು: "ಡಾಕ್ಟರ ಹೇಳಿದ್ದು ಯಾರ ಮುಂದೂ ಆಡಬ್ಯಾಡ. ಸುರೇಖಾಂದು ಲಗ್ನ ಹೊಸರಿತ್ತಿಗೆ ಗಟ್ಟಿ ಆಗೇತಿ. ಗೊತ್ತಾದ್ರ ಬಿಟ್ಟು ಹೋಗ್ತಾರ."

"ಆಡೂದಿಲ್ಲ ಯವ್ವಾ. ಆದ್ರ ಆಕಿಗೆ ಆ ಗುಳಿಗಿ ಮಾತ್ರ ಕೊಡಬ್ಯಾಡ."

ಅವ್ವ ಹೂಂ ಎಂದಳು. ನಾನು ನಂಬಿದೆ.

ಮದುವೆಗೆ ಹನ್ನೆರಡು ದಿನವಿರುವಾಗ ತಂಗಿ ಸುರೇಖಾ ಫೋನು ಮಾಡಿದಳು. "ಅಕ್ಕಾ, ನನ್ನ ತಾರೀಖೂ ಲಗ್ನದ ತಾರೀಖೂ ಕೂಡಿ ಬಂದಾವು. ಅವ್ವ ಗುಳಿಗಿ ತಂದಾಳ. ನಾಳಿಂದ ಚಾಲೂ."

"ಸತ್ತು ಹೋಗ್ತಿ ಹುಚ್ಚಿ! ಮೊದಲ ಡಾಕ್ಟರಿಗೆ ತೋರಸು."

"ನೀ ಏನ್ ಸತ್ತಿಯೇನು? ಡಾಕ್ಟರ ಹಂತ್ಯಾಕ ಹೋದ್ರ ಊರಿಗೆಲ್ಲ ಗೊತ್ತಾಗತೈತಿ."

ಅವ್ವನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಹುಡುಗನ ತಾಯಿ ಕರೆವ್ವನವರಿಗೇ ಹಚ್ಚಿದೆ. ಮದುವೆ ಒಂದು ವಾರ ಮುಂದೆ ಹಾಕಿರಿ, ನನ್ನ ಮೈ ನೆಟ್ಟಗಿಲ್ಲ ಎಂದೆ.

"ಕಾರ್ಡ್ ಹಂಚೇವಿ ತಂಗಿ. ನೀ ಬರದಿದ್ರೂ ನಡೀತೈತಿ" ಎಂದು ಅವರು ನಕ್ಕರು.

ಆಗ ಇದ್ದದ್ದನ್ನೆಲ್ಲ ಹೇಳಿಬಿಟ್ಟೆ. "ಹೇಳಿದ್ದು ಚಲೋ ಆತವಾ" ಎಂದು ಫೋನು ಇಟ್ಟರು.

ಮೂರು ದಿನಕ್ಕೆ ಹಿರಿಯರು ಮೇಡ್ಲೇರಿಗೆ ಬಂದು ಸಂಬಂಧ ಮುರಿದು ಹೋದರು. ಅವ್ವ ಫೋನಿನಲ್ಲಿ ಅತ್ತು, ಬೈದು, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದಳು. ಸುರೇಖಾ ನನ್ನ ನಂಬರನ್ನೇ ತೆಗೆದುಹಾಕಿದಳು. ಗಂಡನಿಗೆ ಈಗ ಬಾಯಿ ಬಂತು: "ನಿನಗ್ಯಾಕ ಬೇಕಿತ್ತು ಊರ ಉಸಾಬರಿ?" ಆಸ್ಪತ್ರೆಯಲ್ಲಿ ಗೋಡೆ ನೋಡಿದವನು ಅವನು.

ಅದಾಗಿ ಏಳು ತಿಂಗಳು. ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಲೇ ಇದ್ದೇನೆ. ಮೊನ್ನೆ ತಪಾಸಣೆಗೆಂದು ರಾಣೆಬೆನ್ನೂರಿಗೆ ಹೋದಾಗ ಬಸ್ ಸ್ಟ್ಯಾಂಡಿನಲ್ಲಿ ಸುರೇಖಾ ಕಂಡಳು. ಹೆಸರು ಹಿಡಿದು ಕೂಗಿದೆ. ತಿರುಗಿ ನೋಡಿದಳು, ಗುರುತಿಲ್ಲದವರನ್ನು ನೋಡುವಂತೆ ನೋಡಿ ಮೇಡ್ಲೇರಿ ಬಸ್ಸಿನ ಕಡೆಗೆ ಸರಸರ ನಡೆದಳು.

ಬೆನ್ನಟ್ಟಿ ಹೋಗುವಷ್ಟು ಉಸಿರು ನನಗಿಲ್ಲ. ನಿಂತಲ್ಲಿಂದಲೇ ಅವಳ ಕಾಲು ನೋಡಿದೆ. ಬಿಗಿಯಾದ ಲೆಗ್ಗಿನ್ಸ್ ತೊಟ್ಟಿದ್ದಳು. ಎರಡು ಕಾಲೂ ಒಂದೇ ಸಮ ಇದ್ದವು.