ಅರವತ್ತು ಸೆಕೆಂಡಿನ ಬಕೆಟ್ಟು

ಕಬ್ಬಿನ ಗರಿಯೊಂದು ಕಿಟಕಿಯನ್ನು ಸರ್ರನೆ ಸವರಿ ಹೋಯಿತು, ಇನ್ನೊಂದು, ಮುಂದೆ ಕಬ್ಬು ತುಂಬಿದ ಟ್ರ್ಯಾಕ್ಟರ್, ಹಿಂದೆ ಬಸ್ಸು, ಡ್ರೈವರ್ ಹಾರ್ನ್ ಒತ್ತಿದ್ದೇ ಒತ್ತಿದ್ದು, ನಂಜನಗೂಡು ಬಿಟ್ಟಿದ್ದು ಎಂಟೂಕಾಲಿಗೆ, ಟಿ. ನರಸೀಪುರದ ಮೀಟಿಂಗು ಹತ್ತಕ್ಕೆ, ತಲುಪುತ್ತೇನೆ, ತಲುಪಲೇಬೇಕು, ಮಧುಶ್ರೀ ಮಡಿಲಿನ ಲ್ಯಾಪ್‌ಟಾಪ್ ಚೀಲವನ್ನು ಇನ್ನಷ್ಟು ಅವುಚಿಕೊಂಡಳು — ಕಾಗದದಲ್ಲಿ ಬರೆದಿರುವುದು ಆರೋಗ್ಯ ಕಾರ್ಯಕರ್ತೆಯರ ಪ್ರಗತಿ ಪರಿಶೀಲನೆ ಎಂದು, ನಿಜವಾಗಿ ಅದು ಸೋಸಲೆಯ ಕಾರ್ಯಕರ್ತೆ ಮಂಚಮ್ಮನನ್ನು ಕೆಲಸದಿಂದ ತೆಗೆಯುವ ಮೀಟಿಂಗು, ಇವರನ್ನೆಲ್ಲ ಕೆಲಸಕ್ಕಿಟ್ಟುಕೊಂಡ ಟ್ರಸ್ಟಿನ ಮೇಲ್ವಿಚಾರಕರು ಸೋಮಶೇಖರ್ ಫೋನಿನಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದರು, ಸೋಸಲೆಯಿಂದ ಮೂರು ವಾರದಲ್ಲಿ ಒಂದು ಮನೆ ಭೇಟಿಯೂ ಬಂದಿಲ್ಲ ಕಣಮ್ಮ, ಸೊನ್ನೆ, ಆಯಮ್ಮ ಮನೇಲಿ ಕೂತ್ಕೊಂಡು ದಿನಾ ಸುತ್ತೀನಿ ಅಂತದೆ, ನಿಮ್ಮ ಆ್ಯಪ್ ಸರಿಯಾಗೈತೆ ಅಂತ ಒಂದು ಕಾಗದ ಕೊಟ್ಬಿಡಿ, ಸಾಕು. ಕಾಗದ ಕೊಡಲು ಅಮೃತೇಶ್ ತಯಾರಿದ್ದರು, ನಂಜನಗೂಡಿನ ಆ ನಾಲ್ಕು ಮೇಜಿನ ಆಫೀಸಿಗೆ ಅವರೇ ಯಜಮಾನರು, ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬಿ.ಪಿ., ಸಕ್ಕರೆ ನೋಡಿ ಬರೆದುಕೊಳ್ಳುವ ಆ್ಯಪ್ ಈ ಆಫೀಸಿನದು, ಅದರ ಅರ್ಧ ಕೋಡ್ ಮಧುಶ್ರೀಯದು, ಸೇವ್ ಆಗೋಕೆ ಸರಾಸರಿ ಎರಡೂವರೆ ಸೆಕೆಂಡು, ಅರವತ್ತು ಜನರಲ್ಲಿ ಐವತ್ತೊಂಬತ್ತು ಜನಕ್ಕಿಲ್ಲದ ತೊಂದರೆ ಇವರೊಬ್ಬರಿಗೆ ಎಲ್ಲಿಂದ ಬಂತು ಮಧು, ಬರೆದುಕೊಡು ಎಂದಿದ್ದರು. ಬರೆಯಲು ಕೂತಿದ್ದಳು ಕೂಡ, ಆದರೆ ಹಿಂದಿನ ದಿನವಷ್ಟೇ ಮಂಚಮ್ಮ ಫೋನ್ ಮಾಡಿದ್ದರಲ್ಲ, ಒತ್ತುದ್ರೆ ಸುತ್ತ್‌ತಾ ಇರ್ತದೆ ಕಣವ್ವ, ಸುತ್ತ್‌ತಾ ಸುತ್ತ್‌ತಾ ಆಮ್ಯಾಕೆ ಸುಮ್ಕಾಯ್ತದೆ, ನಾನೇನ್ ಸುಳ್ಳ್ ಏಳಾಳಾ — ಆ ದನಿ ಕಿವಿಯಲ್ಲಿ ಇರುವಾಗ ಎರಡೂವರೆ ಸೆಕೆಂಡು ಎಂದು ಟೈಪ್ ಮಾಡಲು ಬೆರಳು ಏಳಲಿಲ್ಲ.

ಸರಾಸರಿ, ಎಷ್ಟು ನಯವಾದ ಮಾತು, ಎಲ್ಲರನ್ನೂ ಒಂದೇ ಪಾತ್ರೆಗೆ ಸುರಿದು ಕದಡಿ ಇದು ನೀವೆಲ್ಲರೂ ಎಂದು ತೋರಿಸುತ್ತದೆ, ಅದರಲ್ಲಿ ಮಂಚಮ್ಮ ಎಲ್ಲಿ? ಮಧುಶ್ರೀಗೆ ಬೇಕಾಗಿದ್ದದ್ದು ಒಂದೊಂದು ಸಲ ಒತ್ತಿದಾಗಲೂ ಎಷ್ಟು ಹೊತ್ತು ಹಿಡಿಯಿತು ಎಂಬುದು, ಅದಕ್ಕೇ ಹಿಸ್ಟೋಗ್ರಾಮ್ ಎಂಬ ಕಂಬಗಳ ಚಿತ್ರ, ಸೇವ್ ಒತ್ತಿದ ಕಡೆ ಗಡಿಯಾರ ಶುರು, ಮುಗಿದ ಕಡೆ ನಿಲುಗಡೆ, ಸೋತು ಕೈಬಿಟ್ಟರೂ ಲೆಕ್ಕಕ್ಕೆ ಬರಬೇಕು, ಆಮೇಲೆ ಅರ್ಧ ಸೆಕೆಂಡಿನೊಳಗಿನದು ಒಂದು ಬಕೆಟ್ಟಿಗೆ, ಒಂದು ಸೆಕೆಂಡಿನೊಳಗಿನದು ಇನ್ನೊಂದಕ್ಕೆ, ಹೀಗೆ ಸಾಲಾಗಿ, ಯಾವ ಬಕೆಟ್ಟು ಎಷ್ಟು ತುಂಬಿತೋ ಆ ಕಂಬ ಅಷ್ಟು ಎತ್ತರ. ರೋಗಿಯ ಹೆಸರಿಲ್ಲ, ಕಾಯಿಲೆ ಇಲ್ಲ, ಊರಿನ ಹೆಸರೊಂದು ಮಾತ್ರ ಅಂಟಿಸಿದಳು, ಭೇಟಿಗಳಿಗೆ ಕಾಯದೆ ಆ ಅಳತೆಯೊಂದೇ ಬೇರೆಯಾಗಿ ಬರುವ ಹಾಗೆ. ಬದನವಾಳಿನ ಮನೆಯಲ್ಲಿ ಮುದ್ದೆ ಮುರಿಯುತ್ತ ಇದನ್ನೇ ಹೇಳಿದ್ದಕ್ಕೆ ಅವ್ವ, ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ನೂಲು ತೆಗೆದ ಮರಿತಾಯಮ್ಮ, ಅದೇನ್ ದೊಡ್ ಇಸ್ಯವಾ, ನೂಲಿನ್ ಲಡಿ ಇಂಗಡ್ಸಾಕಿಲ್ವಾ ನಾವು, ಸಣ್ಣೆಳೆ ಒಂದ್ಕಡೆ ದಪ್ಪೆಳೆ ಒಂದ್ಕಡೆ, ಎಲ್ಲಾ ಒಂದೇ ಮೂಟೆ ಕಟ್ಟುದ್ರೆ ಯಾವ್ ಕೈ ಎಂಗ್ ನೂತ್ತು ಅಂತ ಯಾರ್‌ಗ್ ಗೊತ್ತಾದದು ಅಂದಿದ್ದಳು, ಮಧುಶ್ರೀ ತುತ್ತು ಕೈಯಲ್ಲೇ ಹಿಡಿದು ಅವ್ವನ ಮುಖವನ್ನೇ ನೋಡಿದ್ದಳು, ಇಡೀ ಆಫೀಸಿಗೆ ಅರ್ಥ ಮಾಡಿಸಲು ಒದ್ದಾಡುತ್ತಿದ್ದ ಮಾತು ಸೊಪ್ಪಿನ ಸಾರಿನ ಮುಂದೆ ಇಷ್ಟು ಸಲೀಸಾಗಿ! — ಮೊದಲ ದಿನದ ಚಿತ್ರದಲ್ಲಿ ಏನೂ ಕಾಣಲಿಲ್ಲ, ತಪ್ಪು ಅವಳದೇ, ಕೊನೆಯ ಬಕೆಟ್ಟನ್ನು ಐದು ಸೆಕೆಂಡಿಗೇ ನಿಲ್ಲಿಸಿದ್ದಳು, ಅದಕ್ಕೂ ಮೇಲೆ ಯಾರು ಕಾಯುತ್ತಾರೆ ಎಂದುಕೊಂಡು, ಐದರಾಚೆಯದೆಲ್ಲ ಅದರಲ್ಲೇ ಕಲಸಿಹೋಗಿತ್ತು, ಇನ್ನೂ ಬಕೆಟ್ಟು ಸೇರಿಸಿದಳು, ಹತ್ತು, ಮೂವತ್ತು, ಅರವತ್ತು, ಮರುದಿನ ಬೆಳಿಗ್ಗೆ ಪರದೆ ತೆರೆದರೆ ಎಡಗಡೆ ಎಲ್ಲರ ದೊಡ್ಡ ಗುಡ್ಡ, ನಡುವೆ ಬಯಲು, ಅದರಾಚೆ ಬಲತುದಿಯಲ್ಲಿ, ಅರವತ್ತು ಸೆಕೆಂಡಿನ ಬಕೆಟ್ಟಿನಲ್ಲಿ ಒಂಟಿ ಕಂಬ, ನಲವತ್ತು, ಒಂದೇ ದಿನಕ್ಕೆ ನಲವತ್ತು ಸಲ, ಊರು ಸೋಸಲೆ, ಒಬ್ಬ ಹೆಂಗಸು ಒಂದು ಹಗಲಲ್ಲಿ ನಲವತ್ತು ಸಲ ಒತ್ತಿ, ಪ್ರತಿ ಸಲವೂ ಪೂರ್ತಿ ಒಂದು ನಿಮಿಷ ಕಾದು ಸೋತಿದ್ದಳು, ಮನೆಯಲ್ಲಿ ಕೂತವಳು ಹೀಗೆ ಕಾಯುತ್ತಾಳೆಯೇ?

ಶನಿವಾರವೇ ಸೋಸಲೆಗೆ ಹೋಗಿದ್ದಳು, ಮಂಚಮ್ಮ ಹೊಳೆದಂಡೆಯ ದಾರಿಯಲ್ಲಿ ಎದುರಾಗಿ ಫೋನನ್ನು ಕರವಸ್ತ್ರದಿಂದ ಬಿಚ್ಚಿ ಕೊಟ್ಟಿದ್ದರು, ಒಳಗೆ ಕಳಿಸದೆ ಉಳಿದ ಭೇಟಿಗಳ ರಾಶಿ, ಇನ್ನೂರ ಹನ್ನೆರಡು, ಒಂದೂ ಅಳಿಸಿಲ್ಲ, ಒಂದೂ ಹೋಗಿಲ್ಲ — ಸಿಗ್ನಲ್ ಇಲ್ಲದ ಎರಡು ದಿನ ಒಂದಿಷ್ಟು ಉಳಿದುಕೊಂಡಿವೆ, ಆಮೇಲೆ ಹೊಸದೊಂದು ಸೇವ್ ಒತ್ತಿದಾಗಲೆಲ್ಲ ಆ್ಯಪ್ ಇಡೀ ರಾಶಿಯನ್ನು ಒಂದೇ ಏಟಿಗೆ ಹೊತ್ತು ಕಳಿಸಲು ಹೋಗಿದೆ, ಅರವತ್ತು ಸೆಕೆಂಡಿಗೆ ಸೋತು ಕೂತಿದೆ, ರಾಶಿ ಬೆಳೆದಿದೆ, ಹೆಚ್ಚು ಮನೆ ಸುತ್ತಿದಷ್ಟೂ ಹೆಚ್ಚು ಭಾರ, ಸೋಮಾರಿಯಾಗಿದ್ದರೆ ಆ ಫೋನ್ ಸಲೀಸಾಗಿ ಓಡುತ್ತಿತ್ತು, ಅರವತ್ತು ಜನರಲ್ಲಿ ಎಲ್ಲರಿಗಿಂತ ಹೆಚ್ಚು ನಡೆದವಳ ಲೆಕ್ಕದಲ್ಲೇ ಸೊನ್ನೆ! ರಾಶಿಯನ್ನು ಒಟ್ಟಿಗೆ ಕಳಿಸುವ ಆ ಸಾಲು ಬರೆದವರು ಯಾರು ಎಂದು ಕೋಡಿನ ಚರಿತ್ರೆ ತೆಗೆದರೆ ಎದುರಿಗೆ ಅವಳದೇ ಹೆಸರು, ಮಧುಶ್ರೀ, ತಾರೀಕಿನ ಸಮೇತ, ಮುಖಕ್ಕೆ ಬಿಸಿ ಹಬೆ ಹೊಡೆದಂತಾಯಿತು, ಅಮೃತೇಶ್ ಪರದೆ ನೋಡಿ, ಸರಿಮಾಡಿದೆಯಲ್ಲ, ಒಂದೊಂದಾಗಿ ಕಳಿಸುವ ಹಾಗೆ, ಅಷ್ಟು ಸಾಕು, ಸದ್ದಿಲ್ಲದೆ ಹೊಸ ಆ್ಯಪ್ ಬಿಟ್ಟುಬಿಡೋಣ, ನಮ್ಮ ತಪ್ಪು ಅಂತ ಮೀಟಿಂಗಲ್ಲಿ ಯಾಕೆ ಹೇಳಬೇಕು, ಟ್ರಸ್ಟಿನ ಕೆಲಸವೇ ಕೈತಪ್ಪಿ ಹೋಗುತ್ತೆ, ಎಂದಿದ್ದರು. ಸಾರ್, ಹೇಳದಿದ್ದರೆ ಅವರ ಕೆಲಸ ಹೋಗುತ್ತಲ್ಲ, ಎಂದಿದ್ದಳು, ಎಂದವಳು ತಾನೇನಾ ಎಂದು ಈಗ ಬಸ್ಸಿನಲ್ಲಿ ಕೂತು ಬೆರಗಾಗುತ್ತಿದೆ, ಅವರು ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ — ಟ್ರ್ಯಾಕ್ಟರ್ ಪಕ್ಕಕ್ಕೆ ಸರಿಯಿತು, ಬಸ್ಸು ನುಗ್ಗಿತು, ಎದುರಿನಿಂದ ಗಾಳಿ.

ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಕಾಫಿಯ ವಾಸನೆ, ಮಂಚಮ್ಮ ಕೊನೆಯ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಾರೆ, ಯಾರೂ ಪಕ್ಕದಲ್ಲಿಲ್ಲ, ಸೋಮಶೇಖರ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಪಟ್ಟಿ ಬಿಟ್ಟಿದ್ದಾರೆ, ಸೋಸಲೆಯ ಮುಂದೆ ಕೆಂಪು ಸೊನ್ನೆ, ಆ ಕಾಗದ ತಂದಿದ್ದೀರಾ ಅಮ್ಮ? ಕಾಗದ ಇಲ್ಲ ಸಾರ್, ಚಿತ್ರ ತಂದಿದ್ದೀನಿ, ಲ್ಯಾಪ್‌ಟಾಪ್ ತೆರೆದು ಅವರತ್ತ ತಿರುಗಿಸಿದಳು, ಇದು ಐವತ್ತೊಂಬತ್ತು ಜನ, ಇದು ಒಬ್ಬರು, ಈ ಬಲಗಡೆಯ ಕಂಬ ಮಂಚಮ್ಮನವರು ಕಾದ ಹೊತ್ತು, ತಪ್ಪು ಅವರದಲ್ಲ, ಆ್ಯಪಿನದು, ಆ ಸಾಲು ಬರೆದವಳು ನಾನು — ಸೋಮಶೇಖರ್ ಕನ್ನಡಕ ತೆಗೆದರು, ಬರೀ ಕಂಬ ತೋರಿಸಿದರೆ ಆಯ್ತಾ, ಭೇಟಿ ಎಲ್ಲಿ? ಅಕ್ಕ, ಫೋನ್ ಕೊಡಿ, ಹೊಸ ಆ್ಯಪ್ ಇಳಿಯಿತು, ಈಗ ನೀವೇ ಒತ್ತಿ, ಮಂಚಮ್ಮ ಒತ್ತಿದರು, ಉಸಿರು ಹಿಡಿದರು, ಒಂದು ಸೆಕೆಂಡು, ಎರಡು, ಸೊನ್ನೆ ಒಂದಾಯಿತು, ಒಂದು ಮೂರಾಯಿತು, ಹತ್ತು, ಮೂವತ್ತು, ಗೋಡೆಯ ಮೇಲೆ ಮನೆ ನಂಬರು, ತಾರೀಕು, ಗಂಟೆ, ಒಂದರ ಕೆಳಗೊಂದು ಸುರಿಯತೊಡಗಿದವು, ಹಿಂದಿನಿಂದ ಯಾರೋ ಅಯ್ಯೋ ನಮ್ಮವ್ವ ನೋಡ್ರೇ ಎಂದರು, ಯಾರೋ ಚಪ್ಪಾಳೆ, ಆಮೇಲೆ ಎಲ್ಲರೂ, ಎಂಬತ್ತು, ನೂರ ಐದು, ಸೋಮಶೇಖರ್ ತಾವೇ ನಾಲ್ಕು ಹೆಜ್ಜೆ ನಡೆದು ಬಂದು, ನಂದೇ ತಪ್ಪಾಯ್ತು ಮಂಚಮ್ಮ, ಎಲ್ಲರೆದುರಿಗೇ, ಕೈ ಮುಗಿದು. ಆದರೆ ಮಂಚಮ್ಮನಿಗೆ ಅದು ಕೇಳಿಸಿತೋ ಇಲ್ಲವೋ, ಎದ್ದು ಗೋಡೆಯ ಹತ್ತಿರಕ್ಕೇ ಹೋಗಿಬಿಟ್ಟಿದ್ದಾರೆ, ಬೆಳಕಿನೊಳಕ್ಕೆ ಕೈ ಚಾಚಿದ್ದಾರೆ, ಇಗಾ ನಲ್ವತ್ತೇಳ್ನೇ ಮನೆ, ಬಸ್ರೀ ಎಂಗ್ಸು ಕಣವ್ವ, ಬಿ.ಪಿ. ಏರ್ಬುಟ್ಟಿತ್ತು, ನಾನೇ ಬಸ್ಸತ್ತುಸ್ಕಂಡ್ ಆಸ್ಪತ್ರೆಗ್ ಕರ್ಕಂಡೋದೆ, ಎಣ್ ಮಗ, ಇಬ್ರೂ ಸೆಂದಾಗವ್ರೆ, ಇಗಾ ಅರ್ವತ್ತೊಂದು, ಕಣ್ ಕಾಣಾಕಿಲ್ಲ ಅಜ್ಜುಂಗೆ — ಮಧುಶ್ರೀಗೆ ಹೇಳಬೇಕಾದದ್ದು ಇನ್ನೂ ಎಷ್ಟೋ ಇತ್ತು, ಬರೆದುಕೊಂಡು ಬಂದ ಚೀಟಿ ಬೆರಳಲ್ಲೇ ಇದೆ, ಅಮೃತೇಶ್‌ಗೆ ಫೋನ್ ಮಾಡಬೇಕು, ಅವ್ವನಿಗೆ ಮಾಡಬೇಕು, ಏನು ಹೇಳುವುದು, ಯಾವ ಮಾತೂ ಮುಂದಕ್ಕೆ ಹೋಗುತ್ತಿಲ್ಲ, ಕಣ್ಣು ಅಲ್ಲೇ ಸಿಕ್ಕಿಕೊಂಡಿದೆ, ಬಿಸಿಲಿಗೆ ಕಪ್ಪಾದ ಆ ಕೈಯ ಹಿಂಬದಿ, ಅದರ ಮೇಲೆ ಏರುತ್ತಿರುವ ಮನೆ ನಂಬರುಗಳು, ಗೆಣ್ಣಿನ ಮೇಲೊಂದು, ಬಳೆಯ ಮೇಲೊಂದು, ಆ ಕೈ, ಆ ಕೈಯ ಮೇಲೆ ಮನೆಗಳು, ಇನ್ನೊಂದು ಮನೆ, ಇನ್ನೊಂದು, ಆ ಕೈ